ಹಳೆ ಆಶ್ರಯ ಮನೆ, ಸೊಸೈಟಿ ಮನೆ ದುರಸ್ತಿಗೆ ಸರ್ಕಾರದ ದುಡ್ಡು: ಯಾವ ಬಾಗಿಲು ತಟ್ಟಬೇಕು, ಯಾವುದು ಬೇಡ

ರಾಯಚೂರಲ್ಲಿ ಏಪ್ರಿಲ್ ಬಂತೆಂದರೆ ತಗಡಿನ ಮನೆಯವರು ಮಧ್ಯಾಹ್ನ ಒಳಗೆ ಇರುವುದಿಲ್ಲ. ಬೇವಿನ ಮರದ ಕೆಳಗೆ ಹೊರಸು ಹಾಕಿಕೊಂಡಿರುತ್ತಾರೆ. ಮಳೆಗಾಲಕ್ಕೆ ಅದೇ ಮನೆ ನಾಲ್ಕು ಕಡೆ ಸೋರುತ್ತದೆ. ಗೋಡೆ ಬಿರುಕು ಬಿಟ್ಟಿದೆ, ಬಚ್ಚಲ ನೀರು ಪಾಯಕ್ಕೇ ಇಳಿಯುತ್ತದೆ. ಇಂಥವರು ಪಂಚಾಯ್ತಿಗೆ ಹೋಗಿ "ಮನೆ ರಿಪೇರಿಗೆ ಏನಾದ್ರೂ ಸ್ಕೀಮ್ ಐತೇನ್ರಿ?" ಅಂತ ಕೇಳಿದರೆ ಸಿಗುವ ಉತ್ತರ ಒಂದೇ: ಇಲ್ಲ.

ಆ ಉತ್ತರ ಸರಿಯಾದದ್ದೇ. "ಹಳೆ ಮನೆ ದುರಸ್ತಿ ಯೋಜನೆ" ಅಂತ ಬೋರ್ಡು ಹಾಕಿಕೊಂಡ ಕೌಂಟರ್ ನಮ್ಮಲ್ಲಿ ಇಲ್ಲ. ಆದರೆ ಶೌಚಾಲಯಕ್ಕೆ ದುಡ್ಡಿದೆ, ನಲ್ಲಿಗೆ ಇದೆ, ಮಳೆಗೆ ಬಿದ್ದ ಗೋಡೆಗೆ ಇದೆ, ಸೋಲಾರಿಗೆ ಇದೆ, ಮನೆ ಮುಂದಿನ ಚರಂಡಿಗೆ ಇದೆ, ಕಚ್ಚಾ ಮನೆ ಪೂರ್ತಿ ಕಟ್ಟಿಸಿಕೊಳ್ಳುವುದಕ್ಕೂ ಇದೆ. ಒಂದೊಂದು ಒಂದೊಂದು ಇಲಾಖೆಯ ಜೇಬಿನಲ್ಲಿದೆ, ಅಷ್ಟೇ. ಇಡೀ ಮನೆಗೆ ಅಂತ ಕೇಳಿದರೆ ಯಾರೂ ಕೊಡುವುದಿಲ್ಲ. ಮನೆಯನ್ನು ತುಂಡು ತುಂಡಾಗಿ ಲೆಕ್ಕ ಹಾಕಿ, ಪ್ರತಿ ತುಂಡಿಗೂ ಅದರ ಬಾಗಿಲು ತಟ್ಟಬೇಕು. ಹತ್ತು ವರ್ಷ ನಮ್ಮ ಸೊಸೈಟಿ ಕೆಲಸಕ್ಕೆ, ಮಾನ್ವಿ ಕಡೆ ಹಳ್ಳಿಯಲ್ಲಿರುವ ಚಿಗವ್ವನ ಆಶ್ರಯ ಮನೆ ಕೆಲಸಕ್ಕೆ ಅಂತ ಕಚೇರಿ ಅಲೆದು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಕೊಪ್ಪಳ, ಬಳ್ಳಾರಿಯವರಿಗೂ ಬಹುಪಾಲು ಇದೇ ದಾರಿ.

ಮೊದಲು: ನಿಮ್ಮದು ಯಾವ ಮನೆ?

ಇದನ್ನು ಸರಿಯಾಗಿ ಹೇಳಲು ಬಾರದೆ ಅರ್ಧ ಜನ ತಪ್ಪು ಕಚೇರಿಯಲ್ಲಿ ನಿಂತಿರುತ್ತಾರೆ.

ಜನತಾ ಮನೆ, ಇಂದಿರಾ ಆವಾಸ್, ಆಶ್ರಯ, ಬಸವ ವಸತಿ, ಅಂಬೇಡ್ಕರ್ ನಿವಾಸ ಇವೆಲ್ಲ ಒಂದು ಗುಂಪು. 2000ನೇ ಇಸವಿಯಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಶುರುವಾದ ಮೇಲೆ ರಾಜ್ಯದ ವಸತಿ ಯೋಜನೆಗಳು ಅದರ ಮೂಲಕವೇ ನಡೆಯುತ್ತವೆ. ಹಳ್ಳಿಯಲ್ಲಿ ಗ್ರಾಮ ಪಂಚಾಯ್ತಿ, ಪಟ್ಟಣದಲ್ಲಿ ನಗರಸಭೆ ಅಥವಾ ಪುರಸಭೆ ಇದರ ಬಾಗಿಲು. 2009ರ ಅಕ್ಟೋಬರ್ ನೆರೆಯಲ್ಲಿ ಊರೇ ಮುಳುಗಿ 'ಆಸರೆ' ಮನೆಗೆ ಹೋದವರು ನದಿ ದಂಡೆಯ ಹಳ್ಳಿಗಳಲ್ಲಿ ಬಹಳ ಇದ್ದಾರೆ. ಅವರು ಪಂಚಾಯ್ತಿ ಜತೆಗೆ ತಹಶೀಲ್ದಾರ್ ಕಚೇರಿಯನ್ನೂ ನೋಡಬೇಕು. ಘೋಷಿತ ಕೊಳಗೇರಿಯಲ್ಲಿ ಮಂಡಳಿ ಕಟ್ಟಿದ ಮನೆ ಆಗಿದ್ದರೆ ಕೊಳಗೇರಿ ಅಭಿವೃದ್ಧಿ ಮಂಡಳಿಯ ಎಂಜಿನಿಯರ್ ಕಚೇರಿ.

ಇನ್ನು ಸಹಕಾರಿ ಗೃಹ ನಿರ್ಮಾಣ ಸಂಘ. ಮುಂಬೈ ಸೊಸೈಟಿ ಅಂದರೆ ಇಡೀ ಕಟ್ಟಡ ಸಂಘದ್ದು, ಸದಸ್ಯರಿಗೆ ಫ್ಲ್ಯಾಟು. ನಮ್ಮ ಕಡೆ ಹಾಗಲ್ಲ. ಬಳ್ಳಾರಿ, ರಾಯಚೂರಿನ ಹೆಚ್ಚಿನ ಸಂಘಗಳು ಜಮೀನು ಕೊಂಡು, ಲೇಔಟ್ ಮಾಡಿ, ಸೈಟು ಹಂಚಿ, ಕ್ರಯಪತ್ರ ಮಾಡಿಕೊಟ್ಟು ಸುಮ್ಮನಾದವು. ಮನೆ ನಿಮ್ಮದು. ಸಂಘದ ಕೈಯಲ್ಲಿ ಉಳಿದದ್ದು ರಸ್ತೆ, ಪಾರ್ಕು, ನೀರಿನ ಟ್ಯಾಂಕು, ಒಂದು ಆಫೀಸು ಕೋಣೆ. ಹಾಗಾಗಿ "ಸೊಸೈಟಿ ನಮ್ಮ ಮನೆ ರಿಪೇರಿ ಮಾಡಿಸಲಿ" ಅನ್ನುವ ಮಾತು ನಿಲ್ಲುವುದಿಲ್ಲ. ಸೊಸೈಟಿಯಿಂದ ಏನು ಕೇಳಬಹುದು ಅಂತ ಮುಂದೆ ಹೇಳುತ್ತೇನೆ.

ಕಾಗದ: ಇಲ್ಲಿಯೇ ಮುಕ್ಕಾಲು ಕೆಲಸ

ಚಿಗವ್ವನ ಮನೆ ಕಥೆ ಕೇಳಿ. ಹಕ್ಕುಪತ್ರ ಟ್ರಂಕಿನಲ್ಲಿತ್ತು, ನೀಟಾಗಿ ಪ್ಲಾಸ್ಟಿಕ್ ಕವರಿನಲ್ಲಿ. ಪಂಚಾಯ್ತಿಯವರು ನೋಡಿದರು. "ಇದು ಅಜ್ಜಿ ಹೆಸರಲ್ಲಿದೆ, ಅಜ್ಜಿಯವರು ಎಲ್ಲಿದ್ದಾರಮ್ಮ?" ಅಂದರು. "ತೀರಿಕೊಂಡು ಹದಿನೇಳು ವರ್ಷ ಆತಲ್ರಿ" ಅಂದಳು ಚಿಗವ್ವ. ಅಲ್ಲಿಗೆ ಆ ದಿನದ ಕೆಲಸ ಮುಗಿಯಿತು.

ಮಂಜೂರಾದವರು ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಇವಿಷ್ಟನ್ನೂ ಕೊಟ್ಟು ಪಂಚಾಯ್ತಿ ದಾಖಲೆಯಲ್ಲಿ ಹೆಸರು ಬದಲಾಯಿಸಿಕೊಳ್ಳಬೇಕು. ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಬಿಡಬೇಡಿ. ಬಿಟ್ಟರೆ ಬೇಗ ಆಗುತ್ತದೆ ಅಂತ ಸಲಹೆ ಕೊಡುವವರು ಸಿಗುತ್ತಾರೆ. ಆಮೇಲೆ ಒಂದು ತಕರಾರು ಅರ್ಜಿ ಬಂದರೆ ಸಾಕು, ಎಲ್ಲ ಮೊದಲಿನಿಂದ.

ಹೆಸರು ಸರಿಯಾದ ಮೇಲೆ ಇ-ಸ್ವತ್ತು, ಅಂದರೆ ಪಂಚಾಯ್ತಿಯ ಕಂಪ್ಯೂಟರ್ ಆಸ್ತಿ ದಾಖಲೆ. ಹಳ್ಳಿಯಲ್ಲಿ ನಮೂನೆ 9 ಮತ್ತು 11ಎ ಇದ್ದರೆ ಆಸ್ತಿ ಕ್ರಮಬದ್ಧ ಅಂತ ಅರ್ಥ. 11ಬಿ ಅಂದರೆ ತೆರಿಗೆ ಕಟ್ಟಿಸಿಕೊಳ್ಳುತ್ತಾರೆ, ಆದರೆ ಜಾಗದ ಮಂಜೂರಾತಿಯಲ್ಲಿ ಏನೋ ಕೊರತೆ ಇದೆ. ಪಟ್ಟಣದಲ್ಲಿ ಇದರ ಜಾಗಕ್ಕೆ ಇ-ಖಾತಾ. 2024ರ ಅಕ್ಟೋಬರಿನಿಂದ ಇ-ಖಾತಾ ಇಲ್ಲದೆ ನೋಂದಣಿಯೂ ಆಗುವುದಿಲ್ಲ, ಬ್ಯಾಂಕಿನವರೂ ಅದನ್ನೇ ಕೇಳುತ್ತಾರೆ. ಇ-ಸ್ವತ್ತು ಬಂದ ದಿನ ಅಳತೆ, ಚೆಕ್ಕುಬಂದಿ, ಹೆಸರಿನ ಕಾಗುಣಿತ ಅಲ್ಲೇ ನಿಂತು ಓದಿ. ಆಧಾರಿನಲ್ಲಿ 'ಹುಲಿಗೆಮ್ಮ', ಇ-ಸ್ವತ್ತಿನಲ್ಲಿ 'ಹುಲಿಗಮ್ಮ' ಅಂತ ಇದ್ದರೆ ಆ ಒಂದು ಎತ್ವಕ್ಕೆ ಆರು ತಿಂಗಳು ಹೋಗುತ್ತದೆ.

ಹಕ್ಕುಪತ್ರವೇ ಇಲ್ಲ, ಸರ್ಕಾರಿ ಜಾಗದಲ್ಲಿ ಮೂವತ್ತು ವರ್ಷದಿಂದ ಇದ್ದೇವೆ ಅನ್ನುವವರಿಗೆ ಕರ್ನಾಟಕ ಭೂಕಂದಾಯ ಕಾಯ್ದೆಯ 94ಸಿ ಕಲಂ ಹಳ್ಳಿಯಲ್ಲಿ, 94ಸಿಸಿ ಪಟ್ಟಣದಲ್ಲಿ. ಅರ್ಜಿ ತಹಶೀಲ್ದಾರ್ ಹತ್ತಿರ ಹೋಗುತ್ತದೆ. ತಾಂಡಾ, ಹಟ್ಟಿ, ಕ್ಯಾಂಪುಗಳಲ್ಲಿ ಇರುವವರದು ಬೇರೆ ದಾರಿ. ವಸತಿ ಪ್ರದೇಶವನ್ನು ಮೊದಲು ಕಂದಾಯ ಗ್ರಾಮ ಅಂತ ಘೋಷಿಸಬೇಕು, ಆಮೇಲೆ ಹಕ್ಕುಪತ್ರ. 2023ರ ಜನವರಿಯಲ್ಲಿ ಮಳಖೇಡದಲ್ಲಿ ರಾಯಚೂರೂ ಸೇರಿ ಐದು ಜಿಲ್ಲೆಯ ತಾಂಡಾದವರಿಗೆ 50 ಸಾವಿರಕ್ಕೂ ಜಾಸ್ತಿ ಹಕ್ಕುಪತ್ರ ಕೊಟ್ಟರು. 2025ರ ಮೇ ತಿಂಗಳಲ್ಲಿ ಹೊಸಪೇಟೆಯಲ್ಲಿ 1,11,111 ಕುಟುಂಬಗಳಿಗೆ ಕೊಡುವ ಕಾರ್ಯಕ್ರಮ ಆಯಿತು. ನಿಮಗೆ ಸಿಕ್ಕಿದ್ದರೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಡಿ. ಅದನ್ನು ಹಿಡಿದುಕೊಂಡು ಹೋಗಿ ಇ-ಸ್ವತ್ತು ಮಾಡಿಸಿ.

ಹೊಸ ಮನೆಗೆ ನೀವು ಅರ್ಹರಾ? ಮೊದಲೇ ಗೊತ್ತು ಮಾಡಿಕೊಳ್ಳಿ

ಪಟ್ಟಣದವರಿಗೆ ಪಿಎಂ ಆವಾಸ್ ನಗರ 2.0, 2024ರ ಸೆಪ್ಟೆಂಬರ್ 1ರಿಂದ. ವರ್ಷದ ಆದಾಯ 3 ಲಕ್ಷದೊಳಗೆ ಇದ್ದು ಸ್ವಂತ ಖಾಲಿ ಜಾಗ ಇದ್ದರೆ ಮನೆ ಕಟ್ಟಿಕೊಳ್ಳಲು ಕೇಂದ್ರ 1.5 ಲಕ್ಷ ಕೊಡುತ್ತದೆ, ರಾಜ್ಯ ಕಡಿಮೆ ಅಂದರೂ 1 ಲಕ್ಷ ಸೇರಿಸಬೇಕು. ಎರಡು ಷರತ್ತು ಗಟ್ಟಿ. ಒಂದು, ದೇಶದಲ್ಲಿ ಎಲ್ಲೂ ನಿಮ್ಮ ಕುಟುಂಬಕ್ಕೆ ಪಕ್ಕಾ ಮನೆ ಇರಬಾರದು. ಎರಡು, ಕಳೆದ 20 ವರ್ಷದಲ್ಲಿ ಕೇಂದ್ರದ್ದಾಗಲಿ ರಾಜ್ಯದ್ದಾಗಲಿ ಯಾವ ವಸತಿ ಯೋಜನೆಯ ಲಾಭವನ್ನೂ ಪಡೆದಿರಬಾರದು.

ಆ 20 ವರ್ಷ ಅನ್ನೋದು ನೆನಪಿಡಿ. 2012ರಲ್ಲಿ ಬಸವ ವಸತಿಯಲ್ಲಿ ಮನೆ ತೆಗೆದುಕೊಂಡವರು ಈಗ ಅರ್ಜಿ ಹಾಕಿದರೆ ಆಧಾರ್ ನಂಬರೇ ಚಾಡಿ ಹೇಳುತ್ತದೆ. 1990ರ ದಶಕದಲ್ಲಿ ಅಪ್ಪನಿಗೆ ಆಶ್ರಯ ಮನೆ ಬಂದಿತ್ತು, ಮಗ ಮದುವೆಯಾಗಿ ಬೇರೆ ರೇಷನ್ ಕಾರ್ಡು ಮಾಡಿಸಿಕೊಂಡಿದ್ದಾನೆ, ಪಕ್ಕದಲ್ಲೇ ಸ್ವಂತ ಜಾಗ ಇದೆ ಅಂದರೆ ಮಗನ ಕುಟುಂಬ ಬೇರೆಯೇ ಲೆಕ್ಕ. ಹಳೆ ಆಶ್ರಯ ಕಾಲೊನಿಗಳಲ್ಲಿ ಈ ದಾರಿಯಲ್ಲಿ ಹೋಗಬಹುದಾದ ಮನೆಗಳು ಬಹಳ ಇವೆ. ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ.

ಹಳೆಯದಕ್ಕೇ ಒಂದು ಕೋಣೆ ಸೇರಿಸಿ ಕಟ್ಟುವುದಕ್ಕೂ ದುಡ್ಡು ಕೊಡುತ್ತಿದ್ದ ದಾರಿ 2015ರ ಮೊದಲ ಹಂತದಲ್ಲಿ ಇತ್ತು. ಕನಿಷ್ಠ 9 ಚದರ ಮೀಟರ್ ಹೊಸದಾಗಿ ಸೇರಿಸಬೇಕಿತ್ತು. ನಮ್ಮ ಕಡೆ ಅದನ್ನು ಬಳಸಿಕೊಂಡವರನ್ನು ನಾನಂತೂ ನೋಡಲಿಲ್ಲ. 2.0ದಲ್ಲಿ ಒತ್ತು ಇರುವುದು ಹೊಸ ಮನೆಗೆ. ನನ್ನ ಪ್ರಕಾರ ಇದು ದೊಡ್ಡ ಲೋಪ. ರಾಯಚೂರಿನಂಥ ಊರಲ್ಲಿ ಬೇಕಿರುವುದು ಇನ್ನೊಂದು ಕೋಣೆ, ಒಂದು ಗಟ್ಟಿ ಚಾವಣಿ.

ಹಳ್ಳಿಗೆ ಪಿಎಂ ಆವಾಸ್ ಗ್ರಾಮೀಣ. 1.20 ಲಕ್ಷ, ಕೇಂದ್ರ ರಾಜ್ಯ 60:40. ಇದರ ಮೇಲೆ ಉದ್ಯೋಗ ಖಾತ್ರಿಯಲ್ಲಿ 90 ದಿನದ ಕೂಲಿ, ಶೌಚಾಲಯಕ್ಕೆ 12,000. 2025-26ರ ಕೂಲಿ ದರ ದಿನಕ್ಕೆ 370 ಇತ್ತು, ಆ ಲೆಕ್ಕಕ್ಕೆ 33,300. ಒಟ್ಟು 1,65,300. ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು, ನಮ್ಮ ಲೆಕ್ಕದಲ್ಲಿ ಸುಮಾರು 269 ಚದರಡಿ. ಚದರಡಿಗೆ 1,500 ಅಂತ ಕಡಿಮೆ ಹಿಡಿದರೂ ನಾಲ್ಕು ಲಕ್ಷ ದಾಟುತ್ತದೆ. ಉಳಿದದ್ದು ನಿಮ್ಮ ಕೈಯಿಂದ. ಇದನ್ನು ಮೊದಲೇ ಮನೆಯಲ್ಲಿ ಕೂತು ಮಾತಾಡಿ. ಲಿಂಟಲ್ ಮಟ್ಟಕ್ಕೆ ನಿಂತು ಜಾಲಿ ಬೆಳೆದ ಮನೆಗಳು ನಮ್ಮ ಹಳ್ಳಿಗಳಲ್ಲಿ ಎಷ್ಟಿವೆ ಅಂತ ನಿಮಗೇ ಗೊತ್ತಲ್ವಾ.

ರಾಜ್ಯದ ಯೋಜನೆಗಳಲ್ಲಿ ಬಸವ ವಸತಿ 1.20 ಲಕ್ಷ. ಪರಿಶಿಷ್ಟರಿಗೆ ಅಂಬೇಡ್ಕರ್ ನಿವಾಸದಲ್ಲಿ ಹಳ್ಳಿಗೆ 1.75 ಲಕ್ಷ, ಪಟ್ಟಣಕ್ಕೆ 2 ಲಕ್ಷ. ಅಲೆಮಾರಿಗಳು, ವಿಧವೆಯರು, ಅಂಗವಿಕಲರು, ಇಂಥವರಿಗೆ ದೇವರಾಜ ಅರಸು ವಸತಿ ಯೋಜನೆ ಅಂತ ಪ್ರತ್ಯೇಕ ಇದೆ, ಅದರಲ್ಲಿ ಪೈಪೋಟಿ ಕಡಿಮೆ.

ಗ್ರಾಮೀಣ ಯೋಜನೆಯಲ್ಲಿ ಹೊರಗಿಡುವ ನಿಯಮಗಳನ್ನು ಒಮ್ಮೆ ನೋಡಿಕೊಳ್ಳಿ. ಎರಡೂವರೆ ಎಕರೆ ನೀರಾವರಿ ಇದ್ದರೆ ಹೊರಗೆ, ಐದು ಎಕರೆ ಒಣಭೂಮಿ ಇದ್ದರೆ ಹೊರಗೆ. ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆ ಕಾಲುವೆ ಕೊನೆಯ ಭಾಗದ ರೈತರಿಗೆ ಇದು ಅನ್ಯಾಯವೇ. ಪಹಣಿಯಲ್ಲಿ ತುಂಗಭದ್ರಾ ನೀರಾವರಿ ಅಂತಿರುತ್ತದೆ, ಕಾಲುವೆಗೆ ನೀರು ಬಂದಿರುವುದಿಲ್ಲ. ಬೈಕು, ಫ್ರಿಜ್ಜು ಇದ್ದರೆ ಮನೆ ಇಲ್ಲ ಅನ್ನೋದು ಹಳೆ ಮಾತು, 2024ರಲ್ಲಿ ಅದನ್ನು ತೆಗೆದರು. ಈಗಲೂ ಅದನ್ನೇ ಹೇಳಿ ಹೆಸರು ಬಿಡುವವರಿದ್ದರೆ ಗ್ರಾಮಸಭೆಯಲ್ಲೇ ಎದ್ದು ಕೇಳಿ.

ಇನ್ನೊಂದು ಸಿಕ್ಕು ತಗಡಿನದು. 2011ರ ಸಾಮಾಜಿಕ ಆರ್ಥಿಕ ಗಣತಿಯಲ್ಲಿ ತಗಡು, ಕಲ್ಲು ಹಾಸಿನ ಚಾವಣಿಗಳನ್ನು ಪಕ್ಕಾ ಲೆಕ್ಕಕ್ಕೇ ಸೇರಿಸಿದ್ದರು. ಮಣ್ಣಿನ ಗೋಡೆ ಮೇಲೆ ನಾಲ್ಕು ತಗಡು ಇದ್ದವರೂ ಪಕ್ಕಾ ಮನೆಯವರಾಗಿಬಿಟ್ಟರು. ಸಮೀಕ್ಷೆಯವರು ಬಂದಾಗ ಮನೆಯಲ್ಲೇ ಇರಿ, ಗೋಡೆ ಯಾವುದರದು, ಚಾವಣಿ ಯಾವುದರದು ಅಂತ ಅವರು ಫೋನಿನಲ್ಲಿ ಏನು ಒತ್ತುತ್ತಾರೆ ನೋಡಿ.

ಮಂಜೂರಾತಿ ಬಂದ ಮೇಲೆ

ಪಟ್ಟಿಯಲ್ಲಿ ಹೆಸರು ಬಂದ ಖುಷಿಗೆ ಹಳೆ ಮನೆ ಕೆಡವಬೇಡಿ. ಇದನ್ನು ಎರಡು ಸಲ ಓದಿ. ಕಾಮಗಾರಿ ಆದೇಶ ಕೈಗೆ ಬರಬೇಕು, ಸಿಬ್ಬಂದಿ ಬಂದು ಜಾಗದ ಮೊದಲ ಫೋಟೊವನ್ನು ಜಿಪಿಎಸ್ ಸಮೇತ ತೆಗೆಯಬೇಕು, ಆಮೇಲೆ ಗುದ್ದಲಿ. ಅದಕ್ಕಿಂತ ಮುಂಚೆ ಪಾಯ ತೆಗೆದರೆ "ಇದು ಮೊದಲೇ ಶುರುವಾದ ಮನೆ" ಅಂತ ಕಂತು ನಿಲ್ಲುತ್ತದೆ. ನಮ್ಮ ಚಿಗವ್ವನ ಪಕ್ಕದ ಮನೆಯವರು ಹೀಗೇ ಕೆಡವಿ, ಎರಡು ಮಳೆಗಾಲ ದೇವಸ್ಥಾನದ ಪಡಸಾಲೆಯಲ್ಲಿ ಕಳೆದರು.

ದುಡ್ಡು ಹಂತ ಹಂತವಾಗಿ ಬರುತ್ತದೆ: ಪಾಯ, ಲಿಂಟಲ್, ಚಾವಣಿ, ಪೂರ್ತಿ. ಪ್ರತಿ ಹಂತಕ್ಕೂ ಫೋಟೊ ಹೊಡೆದು ಅಪ್‌ಲೋಡ್ ಮಾಡಬೇಕು, ದುಡ್ಡು ಆಧಾರ್ ಜೋಡಣೆಯಾದ ಖಾತೆಗೇ ಬೀಳುತ್ತದೆ. ಮನೆಯಲ್ಲಿ ನಾಲ್ಕು ಖಾತೆ ಇದ್ದರೆ ಆಧಾರ್ ಯಾವುದಕ್ಕೆ ಜೋಡಣೆಯಾಗಿದೆ ಅಂತ ಬ್ಯಾಂಕಿನಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಫೋಟೊ ತೆಗೆಯುವ ದಿನ ನೀವೂ ನಿಮ್ಮ ಫೋನಿನಲ್ಲಿ ಒಂದು ತೆಗೆದಿಡಿ, ದಿನಾಂಕ ಸಮೇತ. ಫೋಟೊಗೆ ಇಷ್ಟು ಕೊಡಿ ಅಂತ ಯಾರಾದರೂ ಕೇಳಿದರೆ ಆ ದಿನಾಂಕವೇ ನಿಮ್ಮ ಸಾಕ್ಷಿ. ಫೋಟೊಗೆ ಶುಲ್ಕ ಅಂತ ಯಾವುದೂ ಇಲ್ಲ.

ಕಟ್ಟುವ ವಿಷಯ ಬಂದದ್ದಕ್ಕೆ ಒಂದು ಮಾತು. ನಮ್ಮದು ಎರೆಭೂಮಿ. ಬೇಸಿಗೆಗೆ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ, ಮೇಲಿರುವ ಪಾಯ ಅದರ ಜತೆಗೇ ಏರಿ ಇಳಿಯುತ್ತದೆ. ಗೋಡೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಿಡುವ ಬಿರುಕು ಇದರಿಂದಲೇ. ಸಿಮೆಂಟು ಮೆತ್ತಿ ಬಣ್ಣ ಹೊಡೆದರೆ ಮುಂದಿನ ಬೇಸಿಗೆಗೆ ಅದೇ ಜಾಗದಲ್ಲಿ ಮತ್ತೆ ಬಿರಿಯುತ್ತದೆ. ಹೊಸದಾಗಿ ಕಟ್ಟುವವರು ಎರೆ ತೆಗೆದು ಗರಸು ತುಂಬಿ ದಮ್ಮಸು ಮಾಡಿಸಿ. ಹಳೆ ಮನೆಯವರು ಗೋಡೆ ಸುತ್ತ ಮೂರಡಿ ಅಗಲ ಹೊರಗೆ ಇಳಿಜಾರಾಗಿ ಕಾಂಕ್ರೀಟ್ ಹಾಕಿಸಿ, ಬಚ್ಚಲ ನೀರನ್ನು ಪೈಪಿನಲ್ಲಿ ದೂರ ಒಯ್ಯಿರಿ. ಪಾಯದ ಮಣ್ಣು ವರ್ಷವಿಡೀ ಒಂದೇ ಹದದಲ್ಲಿ ಇದ್ದರೆ ಅರ್ಧ ಬಿರುಕು ಬರುವುದೇ ಇಲ್ಲ. ಇದಕ್ಕೆ ಸರ್ಕಾರದ ದುಡ್ಡು ಬೇಕಾಗಿಲ್ಲ. ಶಕ್ತಿನಗರ, ಕುಡುತಿನಿ ಸ್ಥಾವರಗಳು ಹತ್ತಿರ ಇರುವುದರಿಂದ ಹಾರುಬೂದಿ ಇಟ್ಟಿಗೆ ನಮ್ಮಲ್ಲಿ ಸಿಗುತ್ತದೆ, ಸುಟ್ಟ ಇಟ್ಟಿಗೆ ಜತೆ ಇದರ ದರವನ್ನೂ ಕೇಳಿ ನೋಡಿ. ಅಂದಾಜು ಪಟ್ಟಿ ಬೇಕಿದ್ದರೆ ಜಿಲ್ಲೆಯ ನಿರ್ಮಿತಿ ಕೇಂದ್ರವನ್ನೂ ವಿಚಾರಿಸಿ.

ಹೊಸ ಮನೆ ಸಿಗದವರಿಗೆ: ತುಂಡು ತುಂಡಾಗಿ

ಶೌಚಾಲಯ ಇಲ್ಲದ ಮನೆಗೆ ಸ್ವಚ್ಛ ಭಾರತ ಗ್ರಾಮೀಣದಲ್ಲಿ 12,000, ಒಂದು ಕುಟುಂಬಕ್ಕೆ ಒಂದೇ ಸಲ. ಎರಡು ಗುಂಡಿಯ ಮಾದರಿ ಮಾಡಿಸಿ. ಎರೆಮಣ್ಣು ನೀರು ಹೀರುವುದು ಬಹಳ ನಿಧಾನ, ಹಾಗಾಗಿ ಗುಂಡಿ ಸುತ್ತ ಮರಳಿನ ಪದರ ಹಾಕಿಸದಿದ್ದರೆ ಮಳೆಗಾಲದಲ್ಲಿ ತುಂಬಿ ಮೇಲೆ ಬರುತ್ತದೆ.

ನಲ್ಲಿಗೆ ಜಲ ಜೀವನ್ ಮಿಷನ್, ಪಂಚಾಯ್ತಿಯಲ್ಲಿ ಅರ್ಜಿ. ಮನೆ ಮುಂದಿನ ಚರಂಡಿ ನಿಮ್ಮ ದುಡ್ಡಿನಲ್ಲಿ ಮಾಡಿಸುವುದಲ್ಲ, ಪಂಚಾಯ್ತಿಯ ಕೆಲಸ. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60ನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಅಂತ ಕಟ್ಟಿಹಾಕಿದ್ದರು. ಆ ದುಡ್ಡಿನಲ್ಲಿ ನಿಮ್ಮ ಓಣಿಗೆ ಏನು ಬಂತು ಅಂತ ಗ್ರಾಮಸಭೆಯಲ್ಲಿ ಕೇಳಬಹುದು. ಕೇಳಬೇಕು ಕೂಡ. ಪಟ್ಟಣದಲ್ಲಿ ನಗರಸಭೆ ತನ್ನ ನಿಧಿಯಲ್ಲಿ ಶೇ. 24.10 ಪರಿಶಿಷ್ಟರಿಗೆ, ಶೇ. 7.25 ಇತರ ಬಡವರಿಗೆ, ಶೇ. 5 ಅಂಗವಿಕಲರಿಗೆ ಎತ್ತಿಡಬೇಕು. ಈ ಮೂರು ಸಂಖ್ಯೆ ಬಾಯಿಗೆ ಬರುವ ಹಾಗೆ ಇಟ್ಟುಕೊಂಡು ಕಚೇರಿಗೆ ಹೋಗಿ. ಅಲ್ಲಿ ನಿಮ್ಮ ಜತೆ ಮಾತಾಡುವ ರೀತಿಯೇ ಬದಲಾಗುತ್ತದೆ.

ಮಳೆಗೆ ಗೋಡೆ ಬಿದ್ದರೆ ಅವತ್ತೇ ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿ, ಮಣ್ಣು ಬಾಚುವ ಮುಂಚೆ ಫೋಟೊ ತೆಗೆಯಿರಿ. ವಿಪತ್ತು ನಿಧಿಯ 2022-26ರ ನಿಯಮದಲ್ಲಿ ಕನಿಷ್ಠ ಶೇ. 15 ಹಾನಿಯಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000, ಪೂರ್ತಿ ಬಿದ್ದರೆ 1.20 ಲಕ್ಷ. ಇದು ಕೇಂದ್ರದ ದರ. ರಾಜ್ಯ ಸರ್ಕಾರ ಕೆಲವು ವರ್ಷ ಇದಕ್ಕಿಂತ ಬಹಳ ಜಾಸ್ತಿ ಸೇರಿಸಿ ಕೊಟ್ಟದ್ದೂ ಇದೆ. ಭಾಗಶಃ ಹಾನಿಗೂ ಪೂರ್ತಿ ಹಾನಿಗೂ ನಡುವೆ ಎಷ್ಟು ಅಂತರ ನೋಡಿ. ಎಂಜಿನಿಯರ್ ವರದಿಯಲ್ಲಿ ಯಾವುದು ಬರೆದಿದ್ದಾರೆ ಅಂತ ಓದದೆ ಸಹಿ ಹಾಕಬೇಡಿ.

ಬಳ್ಳಾರಿ, ಸಂಡೂರು ಕಡೆ ಗಣಿಬಾಧಿತ ಹಳ್ಳಿಗಳವರಿಗೆ ಇನ್ನೊಂದು ಬಾಗಿಲಿದೆ, ಜಿಲ್ಲಾ ಖನಿಜ ಪ್ರತಿಷ್ಠಾನ. ಕುಡಿಯುವ ನೀರು, ನೈರ್ಮಲ್ಯ ಅದರ ಆದ್ಯತೆ ಕೆಲಸಗಳು. ಒಬ್ಬೊಬ್ಬರೇ ಹೋದರೆ ಪ್ರಯೋಜನವಿಲ್ಲ, ಪಂಚಾಯ್ತಿ ಠರಾವು ಮಾಡಿಸಿ ಕಳಿಸಬೇಕು.

ಸೋಲಾರ್: ಎಲ್ಲರಿಗೂ ಬೇಡ

ಪಿಎಂ ಸೂರ್ಯ ಘರ್ 2024ರ ಫೆಬ್ರುವರಿಯಲ್ಲಿ ಬಂತು. ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000, ಮೂರನೆಯದಕ್ಕೆ 18,000, ಅಲ್ಲಿಗೆ ಸಬ್ಸಿಡಿ 78,000 ಗರಿಷ್ಠ. ಏಜೆಂಟರು ಬಂದು ಎಲ್ಲರಿಗೂ ಹಾಕಿಸಿ ಅನ್ನುತ್ತಾರೆ. ಲೆಕ್ಕ ನೀವೇ ಹಾಕಿ. ಒಂದು ಕಿಲೋವ್ಯಾಟ್ ನಮ್ಮ ಬಿಸಿಲಿಗೆ ತಿಂಗಳಿಗೆ ಸುಮಾರು 120 ಯೂನಿಟ್ ಕೊಡುತ್ತದೆ. ನಿಮ್ಮದು ಗೃಹಜ್ಯೋತಿ ಮನೆ, ತಿಂಗಳಿಗೆ 90 ಯೂನಿಟ್, ಬಿಲ್ಲು ಸೊನ್ನೆ ಅಂತಿದ್ದರೆ ಸಾಲ ಮಾಡಿ ಪ್ಯಾನೆಲ್ ಹಾಕಿಸಿ ಉಳಿಸುವುದು ಏನನ್ನು? ತಗಡಿನ ಚಾವಣಿಗಂತೂ ಅದರ ಭಾರ, ಗಾಳಿ ತಡೆಯುವ ಶಕ್ತಿ ಇರುವುದಿಲ್ಲ. ಆ ದುಡ್ಡಿದ್ದರೆ ಮೊದಲು ಚಾವಣಿ ಸರಿ ಮಾಡಿಸಿ. ಆರ್‌ಸಿಸಿ ಇದ್ದವರು ಮಾರ್ಚ್ ಕೊನೆಗೆ ಮಾಳಿಗೆಗೆ ಎರಡು ಕೈ ಸುಣ್ಣ ಬಳಿಸಿ, ರಾತ್ರಿ ಮಲಗಿದಾಗ ಗೊತ್ತಾಗುತ್ತದೆ.

ಸೋಲಾರ್ ಲಾಭ ಇರುವುದು 200 ಯೂನಿಟ್ ದಾಟುವವರಿಗೆ, ಎಸಿ ಇದ್ದವರಿಗೆ. ಅಂದರೆ ಸೊಸೈಟಿ ಲೇಔಟಿನ ಮನೆಗಳಿಗೆ. ನೆರಳಿಲ್ಲದ ಮಾಳಿಗೆ ಪ್ರತಿ ಕಿಲೋವ್ಯಾಟಿಗೆ ನೂರು ಚದರಡಿ ಬೇಕು. ಪೋರ್ಟಲಿನಲ್ಲಿ ನೋಂದಣಿ, ನಮ್ಮ ಕಡೆಯ ಕರೆಂಟ್ ಕಂಪನಿ ಜೆಸ್ಕಾಂ ಒಪ್ಪಿಗೆ, ಪಟ್ಟಿಯಲ್ಲಿರುವ ಮಾರಾಟಗಾರರಿಂದಲೇ ಅಳವಡಿಕೆ, ನೆಟ್ ಮೀಟರ್, ಆಮೇಲೆ ಸಬ್ಸಿಡಿ ನಿಮ್ಮ ಖಾತೆಗೆ. ಮೀಟರ್ ಯಾರ ಹೆಸರಲ್ಲಿದೆಯೋ ಅವರೇ ಅರ್ಜಿ ಹಾಕಬೇಕು. ಅಪ್ಪನ ಹೆಸರಿನಲ್ಲೇ ಉಳಿದಿರುವ ಮೀಟರ್ ಮೊದಲು ಬದಲಾಯಿಸಿಕೊಳ್ಳಿ.

ಸೊಸೈಟಿಯವರಿಗೆ

ನಮ್ಮ ಲೇಔಟಿನಲ್ಲಿ ಇಪ್ಪತ್ತು ವರ್ಷ ಬೀದಿದೀಪ ಇರಲಿಲ್ಲ. ತೆರಿಗೆ ಎಲ್ಲರೂ ಕಟ್ಟುತ್ತಿದ್ದೆವು. ಹೋಗಿ ಜಗಳ ಆಡಿದ ದಿನ ಗೊತ್ತಾಯಿತು, ರಸ್ತೆ ಮತ್ತು ಪಾರ್ಕನ್ನು ಸಂಘ ಸ್ಥಳೀಯ ಸಂಸ್ಥೆಗೆ ಹಸ್ತಾಂತರ ಮಾಡಿಯೇ ಇರಲಿಲ್ಲ. ಹಳೆ ಕಮಿಟಿಯವರಿಗೆ ಪಾರ್ಕಿನ ಮೂಲೆಯಲ್ಲಿ ಇನ್ನೂ ಎರಡು ಸೈಟು ಕಾಣುತ್ತಿತ್ತೋ ಏನೋ. ಹಸ್ತಾಂತರ ಆಗದ ರಸ್ತೆ ಖಾಸಗಿ ರಸ್ತೆ, ಅದರ ಮೇಲೆ ಸರ್ಕಾರದ ದುಡ್ಡು ಹಾಕಿದರೆ ಆಡಿಟ್‌ನಲ್ಲಿ ಸಿಕ್ಕಿಬೀಳುತ್ತಾರೆ. ಹಾಗಾಗಿ ಯಾರೂ ಹಾಕುವುದಿಲ್ಲ. ನಿಮ್ಮ ಲೇಔಟ್ ನಕ್ಷೆಗೆ ನಗರಾಭಿವೃದ್ಧಿ ಪ್ರಾಧಿಕಾರದ ಅನುಮೋದನೆ ಇದೆಯಾ, ರಸ್ತೆ ಪಾರ್ಕು ಬಿಟ್ಟುಕೊಟ್ಟ ಪತ್ರ ನೋಂದಣಿ ಆಗಿದೆಯಾ, ಈ ಎರಡನ್ನು ಮೊದಲು ನೋಡಿ.

ಆಗಿಲ್ಲದಿದ್ದರೆ ಸಾಮಾನ್ಯ ಸಭೆಗೆ ವಿಷಯ ತನ್ನಿ. 1959ರ ಸಹಕಾರ ಸಂಘಗಳ ಕಾಯ್ದೆ ಪ್ರಕಾರ ವಾರ್ಷಿಕ ಸಭೆ ಸೆಪ್ಟೆಂಬರ್ 25ರೊಳಗೆ ಆಗಬೇಕು. ಸಭೆಯನ್ನೇ ಕರೆಯದ, ಆಡಿಟ್ ಮಾಡಿಸದ ಕಮಿಟಿ ಇದ್ದರೆ ಸಹಾಯಕ ನಿಬಂಧಕರಿಗೆ ಬರೆದು ಕೊಡಿ. ದುಡ್ಡಿನ ಗೋಲ್‌ಮಾಲ್ ಅನುಮಾನ ಇದ್ದರೆ 64ನೇ ಕಲಂ ವಿಚಾರಣೆ, ಸದಸ್ಯರಿಗೂ ಸಂಘಕ್ಕೂ ವ್ಯಾಜ್ಯ ಇದ್ದರೆ 70ನೇ ಕಲಂ. ಬಾಯಿಮಾತಿನ ದೂರು ಬೇಡ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ.

ಹಸ್ತಾಂತರ ಆದ ಮೇಲೆ ಬಾಗಿಲುಗಳು ತೆರೆಯುತ್ತವೆ. ನಮಗೆ ಸಂವಿಧಾನದ ವಿಶೇಷ ಕಲಂ 371ಜೆ ಇದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಬೇರೆ ಭಾಗದವರಿಗೆ ಇಲ್ಲದ ಜೇಬು ಇದು. ಮಂಡಳಿಗೆ ಇತ್ತೀಚಿನ ವರ್ಷಗಳಲ್ಲಿ ಬಜೆಟ್‌ನಲ್ಲಿ ಘೋಷಿಸುವುದು 5,000 ಕೋಟಿ, ಏಳು ಜಿಲ್ಲೆಗೆ. ಕ್ಷೇತ್ರವಾರು ಕ್ರಿಯಾಯೋಜನೆ ಆಗುತ್ತದೆ, ಅದರಲ್ಲಿ ಶಾಸಕರ ಮಾತು ನಡೆಯುತ್ತದೆ. ಕ್ರಿಯಾಯೋಜನೆ ಮುಗಿದ ಮೇಲೆ ಮನವಿ ಹಿಡಿದು ಹೋದರೆ "ಮುಂದಿನ ವರ್ಷ ನೋಡೋಣ" ಅನ್ನುತ್ತಾರೆ. ಬಜೆಟ್ ಆದ ತಕ್ಷಣ ಹೋಗಿ, ಸುಮ್ನೆ ಮನವಿ ಅಲ್ಲ, ಹಸ್ತಾಂತರ ಪತ್ರ, ಸಭೆಯ ಠರಾವು, ಎಂಜಿನಿಯರ್ ಹತ್ತಿರ ಮಾಡಿಸಿದ ಅಂದಾಜು ಪಟ್ಟಿ, ನೂರು ಮನೆಯವರ ಸಹಿ ಇವಿಷ್ಟೂ ಒಂದೇ ಫೈಲಿನಲ್ಲಿ ಕೊಡಿ. ಅಂದಾಜು ಪಟ್ಟಿ ಇರುವ ಅರ್ಜಿ ಮೇಲಕ್ಕೆ ಬರುತ್ತದೆ, ಯಾಕೆಂದರೆ ಅಲ್ಲಿಯವರಿಗೆ ಕೆಲಸ ಕಡಿಮೆ.

ಸಂಘದ ಬೋರ್‌ವೆಲ್ ಪಂಪು, ಬೀದಿದೀಪ, ಆಫೀಸು ಇವುಗಳ ಕರೆಂಟ್ ಬಿಲ್ಲು ಸಂಘವೇ ಕಟ್ಟುತ್ತಿದ್ದರೆ ಸೂರ್ಯ ಘರ್‌ನಲ್ಲಿ ವಸತಿ ಸೊಸೈಟಿಗಳಿಗೆ ಬೇರೆ ಸಾಲು ಇದೆ: ಸಾಮೂಹಿಕ ಸೌಲಭ್ಯಕ್ಕೆ ಕಿಲೋವ್ಯಾಟಿಗೆ 18,000, ಮನೆಗೆ 3 ಕಿಲೋವ್ಯಾಟಿನಂತೆ ಲೆಕ್ಕ ಹಿಡಿದು 500 ಕಿಲೋವ್ಯಾಟ್‌ವರೆಗೆ. ಹತ್ತು ಕಿಲೋವ್ಯಾಟ್ ಹಾಕಿಸಿದರೆ 1.80 ಲಕ್ಷ ವಾಪಸು. ಗೃಹಜ್ಯೋತಿ ಮನೆಗಳಿಗೆ ಮಾತ್ರ, ಸಂಘದ ಮೀಟರಿಗೆ ಅನ್ವಯ ಆಗುವುದಿಲ್ಲ, ಹಾಗಾಗಿ ಇಲ್ಲಿ ಲೆಕ್ಕ ಕೂಡಿಬರುತ್ತದೆ. ಮೀಟರ್ ಸಂಘದ ಹೆಸರಲ್ಲೇ ಇರಬೇಕು. ನಮ್ಮದು ಎಂದೋ ತೀರಿಕೊಂಡ ಕಾರ್ಯದರ್ಶಿ ಹೆಸರಲ್ಲಿತ್ತು.

ಸಾಲ

ಮೊದಲ ಮನೆ ಕಟ್ಟುವವರಿಗೆ, ಕೊಳ್ಳುವವರಿಗೆ ಆವಾಸ್ ನಗರ 2.0ದಲ್ಲಿ ಬಡ್ಡಿ ಸಬ್ಸಿಡಿ ಇದೆ. ವರ್ಷಕ್ಕೆ 9 ಲಕ್ಷದೊಳಗೆ ಆದಾಯ, ಮನೆ ಬೆಲೆ 35 ಲಕ್ಷದೊಳಗೆ, ಸಾಲ 25 ಲಕ್ಷದೊಳಗೆ. ಮೊದಲ 8 ಲಕ್ಷಕ್ಕೆ ಶೇ. 4, ಒಟ್ಟು 1.80 ಲಕ್ಷದವರೆಗೆ, ಐದು ವರ್ಷದ ಕಂತಿನಲ್ಲಿ ಸಾಲದ ಖಾತೆಗೆ. ಬರೀ ದುರಸ್ತಿ ಸಾಲಕ್ಕೆ ಇದು ಬರುವುದಿಲ್ಲ. ದುರಸ್ತಿ ಸಾಲ ಮಾಡಿದವರು ಹಳೆ ತೆರಿಗೆ ಪದ್ಧತಿಯಲ್ಲಿದ್ದರೆ ಬಡ್ಡಿಯಲ್ಲಿ ವರ್ಷಕ್ಕೆ 30,000ದವರೆಗೆ ವಿನಾಯಿತಿ ಕೇಳಬಹುದು. ಜಿಲ್ಲಾ ಸಹಕಾರ ಬ್ಯಾಂಕುಗಳ ಮನೆ ಸಾಲದ ಮಿತಿಯನ್ನು ರಿಸರ್ವ್ ಬ್ಯಾಂಕ್ 2022ರಲ್ಲಿ ಏರಿಸಿತು, ಬ್ಯಾಂಕಿನ ಗಾತ್ರ ನೋಡಿ 50 ಲಕ್ಷ ಅಥವಾ 75 ಲಕ್ಷ. ಮೈಕ್ರೊ ಫೈನಾನ್ಸ್‌ನವರ ಹತ್ತಿರ ಮಾತ್ರ ಮನೆ ರಿಪೇರಿಗೆ ವಾರದ ಕಂತಿನ ಸಾಲ ಮಾಡಬೇಡಿ.

ಅರ್ಜಿ ಮಲಗಿದರೆ

ಮೊದಲು ರಾಜ್ಯ ಸರ್ಕಾರದ ದೂರು ಸಹಾಯವಾಣಿ 1902ಕ್ಕೆ ಫೋನು ಮಾಡಿ ದೂರು ದಾಖಲಿಸಿ, ನಂಬರ್ ಬರೆದುಕೊಳ್ಳಿ. ಅದರಲ್ಲಿ ಆಗದಿದ್ದರೆ ಮಾಹಿತಿ ಹಕ್ಕು. ಕರ್ನಾಟಕದಲ್ಲಿ ಅರ್ಜಿ 150 ಪದದೊಳಗೆ ಇರಬೇಕು, ಒಂದೇ ವಿಷಯ, 10 ರೂಪಾಯಿ ಶುಲ್ಕ, ಬಿಪಿಎಲ್‌ನವರಿಗೆ ಅದೂ ಇಲ್ಲ. ಮೂರು ಪುಟ ಸಂಕಟ ತೋಡಿಕೊಂಡರೆ ಅದೇ ನೆಪಕ್ಕೆ ತಿರಸ್ಕಾರ ಆಗುತ್ತದೆ. ಹೀಗೆ ಬರೆಯಿರಿ: "ಇಂಥ ದಿನಾಂಕದ, ಇಂಥ ಸ್ವೀಕೃತಿ ಸಂಖ್ಯೆಯ ನನ್ನ ಅರ್ಜಿ ಇವತ್ತಿನವರೆಗೆ ಯಾರ ಮೇಜಿನಲ್ಲಿ ಎಷ್ಟು ದಿನ ಇತ್ತು, ಅದರ ಮೇಲೆ ಬರೆದ ಟಿಪ್ಪಣಿಯ ನಕಲು ಕೊಡಿ." ಉತ್ತರಕ್ಕೆ 30 ದಿನ ಅವಕಾಶ ಇದೆ. ಚಿಗವ್ವನ ಅರ್ಜಿಗೆ ಉತ್ತರ ಬರಲೇ ಇಲ್ಲ. ಹನ್ನೊಂದನೇ ದಿನ ಇ-ಸ್ವತ್ತೇ ಬಂತು.